ದಂಡು, ಪೇಟೆ ಮತ್ತು ನಾವು
(ಬಿಜೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬ್ರಿಟಿಷರು ದೇಶ ಬಿಟ್ಟು ಹೋದರೆಂದು ನಾವು ಪ್ರತಿವರ್ಷ ಧ್ವಜವೇರಿಸಿ ಸ್ಮರಿಸುತ್ತೇವೆ. ಆದರೆ ಅವರು ಎಳೆದ ರಸ್ತೆ, ಹಾಕಿದ ಗಡಿ, ಬಿಟ್ಟ ಬಯಲುಗಳಲ್ಲೇ ನಮ್ಮ ನಗರಗಳು ಇಂದಿಗೂ ಬದುಕುತ್ತಿವೆ. ನಮ್ಮೂರಿನ ಮಕ್ಕಳಲ್ಲಿ ಅನೇಕರು ಓದು, ಉದ್ಯೋಗವೆಂದು ನೆಲೆಸಿರುವ ಬೆಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನಲಾಗುವ ಪೇಟೆಯ ಬೀದಿಗಳ ಹೆಸರುಗಳನ್ನು ಗಮನಿಸಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಹೆಸರು ಕೇಳಿದರೆ ಸಾಕು, ಅಲ್ಲಿ ಯಾರು ದುಡಿಯುತ್ತಿದ್ದರು, ಏನು ಮಾರುತ್ತಿದ್ದರು ಎಂಬುದು ತಿಳಿಯುತ್ತದೆ. ಇನ್ನು ದಂಡು ಪ್ರದೇಶಕ್ಕೆ ಬನ್ನಿ. ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ. ಕಾಲಾಳು, ಕುದುರೆ, ಫಿರಂಗಿ! ಒಂದು ನಗರ ದುಡಿಮೆಯಿಂದ ಹುಟ್ಟಿತು, ಇನ್ನೊಂದು ಸೇನೆಯ ಆಜ್ಞೆಯಿಂದ.

1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ನಂತರ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. 1809ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾಯಿತು. ಪೇಟೆಯೊಳಗೆ ಅದು ನೆಲೆಸಲಿಲ್ಲ. ದೂರದಲ್ಲಿ, ಹಲಸೂರಿನ ಕಡೆಗೆ ಬೇರೆಯೇ ಊರು ಕಟ್ಟಿಕೊಂಡಿತು. ಜನದಟ್ಟಣೆಯ ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆಂಬುದು ಆ ಕಾಲದ ಐರೋಪ್ಯ ವೈದ್ಯರ ನಂಬಿಕೆಯಾಗಿತ್ತು. ಆ ನಂಬಿಕೆಯ ಜೊತೆಗೆ ಆಳುವವನು ಆಳಿಸಿಕೊಳ್ಳುವವನ ಪಕ್ಕದಲ್ಲಿ ವಾಸಿಸಬಾರದೆಂಬ ಅಹಂಕಾರವೂ ಬೆರೆತಿತ್ತು. ಆದ್ದರಿಂದಲೇ ನಡುವೆ ತೋಟವಿರುವ ಬಂಗಲೆ, ಸುತ್ತ ಕಂಪೌಂಡು, ಹಿತ್ತಿಲಲ್ಲಿ ಆಳುಗಳ ಕೋಣೆ. ಆ ಬಂಗಲೆಗಳಿಗೆ ಮಾಂಸ, ತರಕಾರಿ, ಬಟ್ಟೆ ಒದಗಿಸುತ್ತಿದ್ದ ಜನರೋ ಬ್ಲ್ಯಾಕ್‌ಪಲ್ಲಿ ಎಂಬ ಇಕ್ಕಟ್ಟಿನ ಕೇರಿಯಲ್ಲಿದ್ದರು. ಅದುವೇ ಇಂದಿನ ಶಿವಾಜಿನಗರ. ದಖನಿ ಉರ್ದು ಮಾತಾಡುವವರು, ತಮಿಳು ಲಬ್ಬೆಗಳು, ಕಛ್ಛಿ ಮೇಮನರು ಹೀಗೆ ಮುಸ್ಲಿಮರ ಹಲವು ಸಮೂಹಗಳು ದಂಡು ಪ್ರದೇಶದಲ್ಲಿ ಬೇರೂರಿದ್ದು ಆ ವ್ಯಾಪಾರದಿಂದಲೇ.

1864ರಲ್ಲಿ ರೈಲು ಬಂದಾಗ ಮೊದಲು ತಲುಪಿದ್ದು ದಂಡಿಗೆ, ಪೇಟೆಗಲ್ಲ. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದ ಆಡಳಿತವು 1868ರಲ್ಲಿ ಅಠಾರಾ ಕಚೇರಿಯ ಕೆಂಪು ಕಟ್ಟಡಕ್ಕೆ ಹೋಯಿತು. 1870ರಲ್ಲಿ ಕಬ್ಬನ್ ಪಾರ್ಕ್ ರೂಪುಗೊಂಡಿತು. ಇಂದು ನಾವು ಅಲ್ಲಿ ತಂಪಾದ ಗಾಳಿ ಸೇವಿಸುತ್ತೇವೆ, ಒಳ್ಳೆಯದೇ. ಆದರೆ ಪೇಟೆ ಮತ್ತು ದಂಡಿನ ನಡುವಿನ ಅಂತರವನ್ನು ಆ ಹಸಿರೇ ಕಾಯ್ದುಕೊಂಡಿತ್ತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡರು. ಎರಡೂ ಊರುಗಳು ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

1898ರ ಪ್ಲೇಗ್ ಪಿಡುಗಿನಿಂದ ಹೊಸ ಬಡಾವಣೆಗಳು ವೇಗ ಪಡೆದವು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೇರ ರಸ್ತೆ, ಗಾಳಿ ಬೆಳಕಿನ ಮನೆ, ಚರಂಡಿ ಬಂದವು. ಇದು ನಿಜವಾದ ಲಾಭ, ಅಲ್ಲಗಳೆಯುವುದು ಅನ್ಯಾಯ. ಆದರೆ ಬಸವನಗುಡಿಯ ಮೂಲ ಯೋಜನೆಯಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಲಾಗಿತ್ತು. ಅದನ್ನು ಮಾಡಿದ್ದು ಮೈಸೂರಿನ ಸರಕಾರ, ಬ್ರಿಟಿಷರಲ್ಲ. ಎಲ್ಲ ದೋಷವನ್ನೂ ಪರಕೀಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬಾರದು. ಹಳೆಯ ಪೇಟೆಯಲ್ಲೂ ಜಾತಿಗೊಂದು ಕೇರಿಯಿತ್ತು. ಆದರೆ ಅಲ್ಲಿ ಜನ ದಿನವೂ ಒಬ್ಬರನ್ನೊಬ್ಬರು ಹಾದುಹೋಗಲೇಬೇಕಿತ್ತು. ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗ ಇಂದಿಗೂ ಹಜ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದೇ ಮುಂದೆ ಸಾಗುತ್ತದೆ. ಕಂಪೌಂಡುಗಳ ಊರಿನಲ್ಲಿ ಇಂತಹ ದಾರಿ ಹುಟ್ಟುವುದು ಕಷ್ಟ.

ನಮ್ಮ ಕರಾವಳಿಯ ಕಥೆ ತುಸು ಭಿನ್ನ. ಇಲ್ಲಿ ದಂಡು ಕಟ್ಟಿದ್ದಕ್ಕಿಂತ ಹಂಚು ಕಟ್ಟಿದ್ದು ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮುಳಿಹುಲ್ಲು, ಮಡಲಿನ ಮಾಡಿನ ಕೆಳಗಿದ್ದ ಮನೆಗಳಿಗೆ ಕ್ರಮೇಣ ಕೆಂಪು ಹಂಚು ಬಂತು. ಬೆಂಕಿಯ ಭಯ ಕಡಿಮೆಯಾಯಿತು, ಸಾವಿರಾರು ಕೈಗಳಿಗೆ ಕೂಲಿ ಸಿಕ್ಕಿತು. ಈಗ ಗಲ್ಫ್ ದುಡಿಮೆಯ ತಾರಸಿ ಮನೆಗಳು ಆ ಹಂಚನ್ನೂ ಕೆಳಗಿಳಿಸುತ್ತಿವೆ. ನಮ್ಮ ಮಳೆಗೆ ಇಳಿಜಾರಿನ ಮಾಡೇ ಸರಿಯೆಂಬುದನ್ನು ಸೋರುವ ತಾರಸಿಯ ಮೇಲೆ ಮತ್ತೆ ತಗಡಿನ ಶೀಟು ಹೊದೆಸಿದವರೆಲ್ಲ ಬಲ್ಲರು.

ಇದನ್ನೆಲ್ಲ ಬಿಜೂರಿನಲ್ಲಿ ಏಕೆ ಹೇಳಬೇಕು? ಬೈಂದೂರು ತಾಲೂಕು ಕೇಂದ್ರವಾಗಿದೆ. ಹೆದ್ದಾರಿ ಚತುಷ್ಪಥವಾಗಿದೆ, ರೈಲು ನಮ್ಮೂರಿನಲ್ಲೇ ಹಾದುಹೋಗುತ್ತದೆ. ಹೆದ್ದಾರಿಯ ಇಕ್ಕೆಲಗಳಲ್ಲಿ ಗದ್ದೆಗಳು ನಿವೇಶನಗಳಾಗುತ್ತಿವೆ. ರಸ್ತೆಯ ಆಚೆಯ ಶಾಲೆಗೆ ಈಚೆಯ ಮಗು ಹೇಗೆ ದಾಟಬೇಕೆಂದು ನಕ್ಷೆ ಬರೆದವರು ಯೋಚಿಸಿದ್ದಾರೆಯೇ? ಮಳೆನೀರು ಹರಿಯುವ ತೋಡನ್ನು ಯಾರು ಮುಚ್ಚುತ್ತಿದ್ದಾರೆ? ನಗರಗಳಲ್ಲಿ ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುವ ಪದ್ಧತಿ ಇಲ್ಲಿಯ ಬಡಾವಣೆಗಳಿಗೂ ಬರಲಿದೆಯೇ? ಅದಕ್ಕೆ ಉತ್ತರವಾಗಿ ನಮ್ಮವರಿಗೆ ಮಾತ್ರವೆಂದು ನಾವೇ ಬೇಲಿ ಹಾಕಿಕೊಂಡರೆ ಅದು ನಮ್ಮದೇ ಕೈಯಿಂದ ಕಟ್ಟಿದ ಇನ್ನೊಂದು ದಂಡಾಗುತ್ತದೆ, ಅಷ್ಟೆ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ತಯಾರಾಗುವ ಕರಡು ನಕ್ಷೆಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಅಂತಹ ನಕ್ಷೆ ಹೊರಬಂದ ದಿನ ನಮ್ಮ ಯುವಕರು, ಅದಕ್ಕಿಂತಲೂ ಮುಖ್ಯವಾಗಿ ದಿನವೂ ಆ ದಾರಿಯಲ್ಲಿ ನಡೆಯುವ ನಮ್ಮ ಹೆಣ್ಣುಮಕ್ಕಳು, ನೆರೆಕರೆಯ ಎಲ್ಲ ಸಮುದಾಯದವರನ್ನೂ ಕೂಡಿಕೊಂಡು ಕಚೇರಿಗೆ ಹೋಗಿ ಅದನ್ನು ಬಿಡಿಸಿ ಓದಬೇಕೆಂದು ವಿನಂತಿಸುತ್ತೇನೆ.