‘ಲೀಡರ್‌ಶಿಪ್’ ಎಂಬ ಪದವೂ ನಮ್ಮ ಮುಂದಾಳುತನವೂ

(ಸಿರಿಗೆರೆಯಲ್ಲಿ ಸೇರಿದ್ದ ಕೆರೆ ಮತ್ತು ಕಾಡಿನ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ವ್ಯಾಜ್ಯ ಹೇಳಿಕೊಳ್ಳಲು ಜನ ದೂರದೂರದಿಂದ ಬರುವ ಊರು ಸಿರಿಗೆರೆ. ಮಾತನ್ನು ತೂಗಿ ನೋಡುವುದು ಇಲ್ಲಿನವರಿಗೆ ಹೊಸದಲ್ಲ. ಆ ಧೈರ್ಯದಿಂದ ಒಂದು ಪದವನ್ನು ತಮ್ಮ ಮುಂದಿಡುತ್ತೇನೆ. ಅದು ಇಂಗ್ಲಿಷಿನ ‘ಲೀಡರ್‌ಶಿಪ್’. ಅರಣ್ಯ ಮತ್ತು ಜಲಾನಯನ ಯೋಜನೆಗಳ ಕಾಗದಪತ್ರಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನಾವು ‘ನಾಯಕತ್ವ’ ಎಂದು ಕನ್ನಡಿಸಿ ಮುಂದೆ ಸಾಗುತ್ತೇವೆ. ಆ ಅನುವಾದದಲ್ಲಿ ಸೋರಿಹೋಗುವುದೇನು ಎಂಬುದು ಇಂದಿನ ವಿಷಯ.

‘ಲೀಡ್’ ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿ ಬಹು ಹಳೆಯದು. ‘ಹೋಗು’ ಎಂಬರ್ಥದ ಧಾತುವಿನಿಂದ ಹುಟ್ಟಿ, ‘ಹೋಗುವಂತೆ ಮಾಡು’, ‘ಕರೆದೊಯ್ಯು’ ಎಂಬ ಅರ್ಥ ಪಡೆಯಿತು. ಹೊರೆ ಎಂಬರ್ಥದ ‘ಲೋಡ್’ ಕೂಡ ಅದರ ದಾಯಾದಿಯೇ. ಅದರ ಮೂಲ ಅರ್ಥ ದಾರಿ, ಪಯಣ. ‘ಲೀಡರ್‌ಶಿಪ್’ ಮಾತ್ರ ಈಚಿನದು, ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಲಿತದ್ದು. ಕೊನೆಯ ‘ಶಿಪ್’ಗೂ ಹಡಗಿಗೂ ಸಂಬಂಧವಿಲ್ಲ, ಅದು ನಮ್ಮ ‘ತನ’ದಂಥ ಪ್ರತ್ಯಯ. ಇಂದು ಈ ಪದ ಸ್ಥಾನವನ್ನು ಸೂಚಿಸುತ್ತದೆ, ಸ್ಥಾನದಲ್ಲಿ ಕೂತವರನ್ನು ಸೂಚಿಸುತ್ತದೆ, ಗುಣವನ್ನೂ ಕ್ರಿಯೆಯನ್ನೂ ಸೂಚಿಸುತ್ತದೆ. ‘ಪಕ್ಷದ ಲೀಡರ್‌ಶಿಪ್ ತೀರ್ಮಾನಿಸಿತು’ ಎಂದರೆ ಕೋಣೆಯೊಳಗಿನ ನಾಲ್ಕಾರು ಮಂದಿ. ‘ಆಕೆ ಲೀಡರ್‌ಶಿಪ್ ತೋರಿದಳು’ ಎಂದರೆ ಆಕೆ ಮಾಡಿದ ಕೆಲಸ.

ಕನ್ನಡದ ‘ನಾಯಕ’ ಸಂಸ್ಕೃತದ ‘ನೀ’ ಧಾತುವಿನದು. ಅದರ ಅರ್ಥವೂ ಕರೆದೊಯ್ಯುವುದೇ. ಆದರೆ ದುರ್ಗದ ಸೀಮೆಯಲ್ಲಿ ನಿಂತು ಈ ಪದವನ್ನು ನಿಘಂಟಿನಿಂದಷ್ಟೇ ಅರಿಯಲಾದೀತೇ? ವಿಜಯನಗರ ಕಾಲದ ಶಾಸನಗಳಲ್ಲಿ ‘ನಾಯಕತನ’ವೆಂದರೆ ಸೈನ್ಯ ಒದಗಿಸುವ ಕರಾರಿನ ಮೇಲೆ ಅರಸನಿಂದ ಪಡೆದ ಸೀಮೆ ಮತ್ತು ಅದರ ಆದಾಯ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು, ನಾಯಕರ ಆಳ್ವಿಕೆ ಕೊನೆಗೊಂಡಿತು. ಪದದೊಳಗಿನ ಗದ್ದುಗೆ ಮಾತ್ರ ಉಳಿದುಕೊಂಡಿತು. ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ನಿಂತಳೆಂದು ನಾಡು ನೆನೆಯುವ ಓಬವ್ವ ಯಾವ ನಾಯಕತನವನ್ನೂ ಪಡೆದವಳಲ್ಲ, ಕಾವಲುಗಾರನ ಹೆಂಡತಿ.

ಇದಕ್ಕಿಂತ ‘ಮುಂದಾಳು’ ನನಗೆ ಹತ್ತಿರದ ಪದ. ಕನ್ನಡದಲ್ಲಿ ‘ಆಳು’ ಎಂದರೆ ಅಧಿಕಾರ ನಡೆಸು. ‘ಆಳು’ ಎಂದರೆ ದುಡಿಯುವವನು ಕೂಡ. ಮುಂದಾಳುವಿನಲ್ಲಿರುವುದು ಎರಡನೆಯ ಆಳು. (‘ಮುಂದಾಳತ್ವ’ ಎಂದು ಅದಕ್ಕೆ ಸಂಸ್ಕೃತದ ಬಾಲ ಅಂಟಿಸುವ ರೂಢಿಯೂ ಇದೆ, ‘ಮುಂದಾಳುತನ’ ಸಾಕು.) ಬಯಲುಸೀಮೆಯ ಕೆರೆಗಳ ನೀರಗಂಟಿ ಅಂಥ ಆಳು. ತೂಬು ತೆಗೆಯುವವನು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವವನು, ಏರಿಯಲ್ಲಿ ಬಿರುಕು ಕಂಡರೆ ಊರನ್ನು ಎಬ್ಬಿಸುವವನು ಅವನೇ. ಅನೇಕ ಊರುಗಳಲ್ಲಿ ಅವನು ದಲಿತ. ನೀರಿನ ಸರದಿಯಲ್ಲಿ ಅವನ ಮಾತು ನಡೆಯುತ್ತಿತ್ತು, ಊರ ಪಂಕ್ತಿಯಲ್ಲಿ ಅವನಿಗೆ ಎಡೆಯಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವಾಗ ನಮ್ಮವರು ಈ ಎರಡನೆಯ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ನಮ್ಮ ಘಟ್ಟದ ಕಡೆಗೆ ಬರೋಣ. 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಎಂದೊಡನೆ ಪಾಂಡುರಂಗ ಹೆಗಡೆಯವರ ಹೆಸರು ಬರುತ್ತದೆ, ಬರಬೇಕಾದದ್ದೇ. ಆದರೆ ಅಂದು ನಡೆದದ್ದು ಊರು. ಹಿಮಾಲಯದ ರೇಣಿಯಲ್ಲಿ 1974ರ ಮಾರ್ಚ್ 26ರಂದು ಗಂಡಸರು ಊರಲ್ಲಿಲ್ಲದ ಹೊತ್ತಿಗೆ ಗೌರಾದೇವಿ ಹೆಂಗಸರನ್ನು ಕರೆದುಕೊಂಡು ಕಾಡಿಗೆ ಹೋದರು. ‘ಲೀಡ್’ ಪದದ ಮೂಲಾರ್ಥ ಅಕ್ಷರಶಃ ಅದು.

ಇಲ್ಲಿಗೆ ದೂರವಲ್ಲದ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಹುಟ್ಟಿತು. ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ಅದಕ್ಕೆ ಮೀಸಲಿಟ್ಟರು. ದನ ಮೇಯುವ, ಸೌದೆ ಆಯುವ ಸಾಮುದಾಯಿಕ ನೆಲವೂ ಅದರಲ್ಲಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠರು ಮುಂದಿದ್ದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದ ಕೈಗಳು ಹಳ್ಳಿಯವರವು. 1991ರಲ್ಲಿ ಕಂಪನಿ ಮುಚ್ಚಿತು.

ಪದದ ಗೊಡವೆ ನಮಗೇಕೆ ಎಂದು ಕೆಲವರು ಕೇಳಬಹುದು. ‘ಸ್ಥಳೀಯ ಲೀಡರ್‌ಶಿಪ್‌ನೊಡನೆ ಸಮಾಲೋಚನೆ’ ಎಂಬ ಇಂಗ್ಲಿಷ್ ವಾಕ್ಯ ಕನ್ನಡದ ನಡಾವಳಿಯಲ್ಲಿ ‘ಮುಖಂಡರ ಸಭೆ’ಯಾಗುತ್ತದೆ. ಐದಾರು ಮಂದಿ ಚಹಾ ಕುಡಿದು ರುಜು ಹಾಕಿದರೆ ಊರು ಒಪ್ಪಿತೆಂದಾಯಿತು. ಕಾನೂನು ಹಾಗೆ ಹೇಳುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಗಳ ಸ್ವರೂಪ ಮತ್ತು ವ್ಯಾಪ್ತಿ ನಿರ್ಧರಿಸುವ ಕ್ರಿಯೆ ಆರಂಭಿಸುವುದು ಗ್ರಾಮಸಭೆ. 2012ರಲ್ಲಿ ತಿದ್ದಿದ ನಿಯಮದಂತೆ ಕೋರಂಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು. ಬಂದವರಲ್ಲಿ ಮೂರನೆಯ ಒಂದರಷ್ಟಾದರೂ ಹೆಂಗಸರಿರಬೇಕು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದಂತೆ ನಡೆದ ಹನ್ನೆರಡು ಗ್ರಾಮಸಭೆಗಳೂ ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಅಲ್ಲಿ ಮುಖಂಡರ ಸಭೆಯಷ್ಟೇ ಆಗಿದ್ದರೆ ಏನಾಗುತ್ತಿತ್ತೆಂದು ತಾವೇ ಊಹಿಸಿ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ತಮ್ಮೂರಿನ ಕೆರೆಯ, ಕಾಡಿನ ವಿಷಯದಲ್ಲಿ ಯಾರಾದರೂ ನಡಾವಳಿ ಪುಸ್ತಕ ತಂದು ರುಜು ಕೇಳಿದಾಗ ಮೊದಲು ಶಿರೋನಾಮೆ ಓದಿ. ‘ಮುಖಂಡರ ಒಪ್ಪಿಗೆ’ ಎಂದಿದ್ದರೆ ಲೇಖನಿ ಕೆಳಗಿಟ್ಟು, ಗ್ರಾಮಸಭೆ ಕರೆಯಿರೆಂದು ಲಿಖಿತವಾಗಿ ಕೇಳಿ. ಎಷ್ಟು ಮಂದಿ ಬಂದರು, ಅವರಲ್ಲಿ ಹೆಂಗಸರೆಷ್ಟು ಎಂಬುದನ್ನು ಅಂಕಿಯಲ್ಲಿ ಬರೆಸಿ, ಆಮೇಲೆ ರುಜು ಹಾಕಿ.