ಒಳ್ಳೇ ಮಾಲು ಎಂದರೆ ಯಾವದು?

(ಡಂಬಳದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮೆಣಸಿನಕಾಯಿ ಚೀಲ ಹೇರಿಕೊಂಡು ಪೇಟೆಗೆ ಹೋದಾಗ ನಾವು ಹೇಳುವ ಮಾತು ಒಂದೇ: "ನಮ್ಮ ಮಾಲು ಚೊಲೋ ಅದ." ಖರೀದಿದಾರನು ಒಂದು ಹಿಡಿ ಕಾಯಿ ಎತ್ತಿ ನೋಡಿ, "ಅಷ್ಟೇನಿಲ್ಲ" ಎನ್ನುತ್ತಾನೆ. ಯಾವಾಗಲೂ ಒಬ್ಬರು ಸುಳ್ಳಾಡುತ್ತಾರೆಂದಲ್ಲ. ಇಬ್ಬರ "ಚೊಲೋ" ಬೇರೆ ಬೇರೆ. 2024ರ ಮಾರ್ಚ 11ರಂದು ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಸಿಟ್ಟು ಸಿಡಿದು ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದನ್ನು ನೀವು ಮರೆತಿಲ್ಲ. ದರವೆಲ್ಲ ನಮ್ಮ ಕೈಯಲ್ಲಿಲ್ಲ. ಆವಕ ಹೆಚ್ಚಾದರೆ ಇಳಿಯುವದು. ಆದರೆ ಗುಣ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಅಮೆರಿಕೆಯ ಡೇವಿಡ್ ಗಾರ್ವಿನ್ ಎಂಬ ಪಂಡಿತರು 1984ರಲ್ಲಿ, ಮಾಲಿನ ಗುಣವನ್ನು ಐದು ಬಗೆಯಿಂದ ತಿಳಿಯಬಹುದೆಂದು ಬರೆದರು. ಅದನ್ನು ನಮ್ಮ ಮೆಣಸಿನಕಾಯಿಗೇ ಹಚ್ಚಿ ನೋಡೋಣ.

ಮೊದಲನೆಯದು, ಕಂಡೊಡನೆ ಮನಸ್ಸಿಗೆ ಹತ್ತುವ ಒಳ್ಳೆತನ. ನಮ್ಮೂರ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆಯನ್ನು ಕಂಡವರು ಅಳತೆಪಟ್ಟಿ ಕೇಳುವದಿಲ್ಲ. ಆದರೆ ಈ ಮೆಚ್ಚಿಕೆಯನ್ನು ತಕ್ಕಡಿಯಲ್ಲಿ ತೂಗಲು ಬಾರದು.

ಎರಡನೆಯದು, ಮಾಲಿನೊಳಗಿನ ಗುಣ. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಇದಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬಣ್ಣವನ್ನು ಕಣ್ಣಂದಾಜಿಗೆ ಬಿಡದೆ "ಆಸ್ಟಾ" ಎಂಬ ಮಾನದಿಂದ ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ.

ಮೂರನೆಯದು, ಬಳಸುವವರ ದೃಷ್ಟಿ. ಸಾರಿಗೆ ಕೆಂಪು ಬೇಕೆನ್ನುವ ತಾಯಂದಿರಿಗೆ ಬ್ಯಾಡಗಿ ಒಳ್ಳೆಯದು. ಬಾಯಿ ಉರಿಯಬೇಕೆನ್ನುವವರಿಗೆ ಗುಂಟೂರು ಕಾಯಿಯೇ ಬೇಕು. ರಸ ತೆಗೆಯುವ ಕಾರಖಾನೆಯವರಿಗೆ ಬಣ್ಣವೇ ಮುಖ್ಯ. ಆ ಬಣ್ಣ ತಿನಿಸಿಗೂ ತುಟಿರಂಗಿಗೂ ಹೋಗುತ್ತದೆ. ಆದುದರಿಂದ ಬೀಜ ಹಾಕುವ ಮೊದಲೇ "ಇದನ್ನು ಕೊಳ್ಳುವವರಾರು?" ಎಂದು ಕೇಳಿಕೊಳ್ಳತಕ್ಕದ್ದು.

ನಾಲ್ಕನೆಯದು, ಗೊತ್ತುಮಾಡಿದ ಮಟ್ಟಕ್ಕೆ ಸರಿಯಾಗಿ ಮಾಲು ತಯಾರಿಸುವದು. 1937ರ ಕಾಯದೆಯಿಂದ ಬಂದ ಅಗ್‌ಮಾರ್ಕ ಗುರುತಿನ ಅರ್ಥವೂ ಇದೇ. ಒಣಮೆಣಸಿನಕಾಯಿಯಲ್ಲಿ ತೇವಾಂಶ ಶೇಕಡಾ 11ನ್ನು ಮೀರಬಾರದೆಂಬುದು ಆಹಾರದ ನಿಯಮ. ಇಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ಡಿಪ್ಲೊಮಾಕ್ಕೆ ಸೇರುವ ಮೊದಲು, ತೂಕ ಬರಲೆಂದು ನಾನೇ ಅಪ್ಪನಿಗೆ ಹಟಮಾಡಿ ರಾತ್ರಿ ಕಾಯಿಗೆ ನೀರು ಚಿಮುಕಿಸಿದೆ. ಗಾಡಿ ಸಿಗದೆ ಮೂರು ದಿನ ತಡವಾಯಿತು. ಚೀಲ ಬಿಚ್ಚಿದರೆ ಬೂಷ್ಟು! ಮುಗ್ಗುವಾಸನೆ! ನೀರಿನಿಂದ ಬಂದ ನಾಲ್ಕು ಕಿಲೋ ತೂಕ ಚೀಲದ ಅರ್ಧ ಬೆಲೆಯನ್ನೇ ನುಂಗಿತು. ಅಪ್ಪ ಬಯ್ಯಲಿಲ್ಲ, "ನೀರಿಗೆ ರೊಕ್ಕ ಯಾರು ಕೊಡತಾರಪ್ಪಾ?" ಎಂದರು, ಅಷ್ಟೇ. ಬೂಷ್ಟಿನಲ್ಲಿ ಹುಟ್ಟುವ ವಿಷ ತಿನ್ನುವವರ ಯಕೃತ್ತಿಗೂ ಕೇಡು ಎಂಬುದನ್ನು ಆಮೇಲೆ ಕಲಿತೆ.

ಐದನೆಯದು, ಬೆಲೆಗೆ ತಕ್ಕ ಗುಣ. ಕೊಳ್ಳುವವನು ಕೊಟ್ಟ ರೂಪಾಯಿಗೆ ಏನು ಬಂತೆಂದು ನೋಡುತ್ತಾನೆ. ನಾವೂ ಹಾಗೆಯೇ ಲೆಕ್ಕ ಹಾಕಬೇಕು. ಹೆಚ್ಚು ಇಳುವರಿಯ ತಳಿಗೆ ಗೊಬ್ಬರ, ಔಷಧಿ, ಕೂಲಿ ಎಷ್ಟು? ಕಡಿಮೆ ಇಳುವರಿಯ ಬ್ಯಾಡಗಿಗೆ ಎಷ್ಟು? ಖರ್ಚು ಕಳೆದು ಉಳಿದದ್ದೇ ನಿಜವಾದ ಉತ್ತರ. ಬರೇ ಚೀಲದ ಎಣಿಕೆಯಲ್ಲ.

ಹಾಗಾದರೆ ಈ ಸುಗ್ಗಿಯಲ್ಲಿ ಮಾಡತಕ್ಕದ್ದೇನು?

1. ಪೂರ್ತಿ ಹಣ್ಣಾದ ಕಾಯಿಯನ್ನೇ ಬಿಡಿಸಿರಿ.
2. ಬರೀ ಮಣ್ಣಿನ ಮೇಲೆ ಹರವಬೇಡಿರಿ. ತಾಡಪತ್ರಿ ಹಾಸಿರಿ ಇಲ್ಲವೆ ಸಿಮೆಂಟಿನ ಕಣದಲ್ಲಿ ಒಣಗಿಸಿರಿ. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿರಿ.
3. ಬಿಳಿಗಾಯಿ, ಮುರುಕು, ಕಸ ಬೇರೆ ಮಾಡಿರಿ. ಬಿಳಿಗಾಯಿಯನ್ನು ಬೇರೆಯಾಗಿಯೇ ಮಾರಿರಿ.
4. ನೀರು ಚಿಮುಕಿಸಬೇಡಿರಿ.
5. ಚೀಲದ ಬಾಯಿಗೊಂದು, ತಳಕ್ಕೊಂದು ಮಾಲು ತುಂಬಬೇಡಿರಿ. ಒಬ್ಬನು ಹೀಗೆ ಮಾಡಿದರೆ ಊರಿನ ಚೀಲವನ್ನೆಲ್ಲ ಖರೀದಿದಾರನು ತಳದವರೆಗೆ ಕೆದಕುತ್ತಾನೆ.

ಬಾಂಧವರೇ, ಹೊಲದಲ್ಲಿ ಬೆವರು ಸುರಿಸಿ ಬೆಳೆದದ್ದನ್ನು ಕಣದಲ್ಲಿ ಕಳೆದುಕೊಳ್ಳುವದು ಬೇಡ. ಮುಂದಿನ ಸಲ "ನಮ್ಮ ಮಾಲು ಚೊಲೋ ಅದ" ಎನ್ನುವಾಗ ಬಣ್ಣ ಎಷ್ಟು, ತೇವ ಎಷ್ಟು, ಆಯ್ದದ್ದು ಹೇಗೆ ಎಂದು ಹೇಳುವಂತಾಗಿರಿ. ಆಗ ಸವಾಲಿನಲ್ಲಿ ನಿಮ್ಮ ಮಾತಿಗೂ ತೂಕ ಬರುವದು.