ಹಳೇ ವಿಳಾಸಕ್ಕೆ ಬಂದವರಿಗೆ ದಾರಿ ತೋರಿಸಿ: ಕಳೆದುಹೋದ ಬ್ಯಾಕ್‌ಲಿಂಕ್‌ಗಳ ಬಗ್ಗೆ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಸೂರತ್‌ನ ರಿಂಗ್ ರೋಡಿನಲ್ಲಿ ಸೀರೆ ಸಗಟು ವ್ಯಾಪಾರ ಮಾಡೋ ಒಬ್ಬರು ಕಾಕಾ ಇದ್ದಾರೆ. ಅವರ ಸೈಟನ್ನು ನಾನು ಹೊಸ ಡೊಮೈನ್‌ಗೆ ಸಾಗಿಸಿದೆ. ಒಳಗಿನ ಪುಟಗಳ ವಿಳಾಸವೂ ಬದಲಾಯಿತು. ಎರಡು ತಿಂಗಳಾದ ಮೇಲೆ ಕಾಕಾ ಫೋನ್ ಮಾಡಿದರು: "ಭಾಯ್, ಹುಬ್ಬಳ್ಳಿ, ದಾವಣಗೆರೆ ಕಡೆಯ ಗಿರಾಕಿಗಳು ಕೇಳೋದೇ ನಿಂತುಹೋಯ್ತಲ್ಲ!"

ಹುಡುಕಿದಾಗ ಗೊತ್ತಾಯಿತು. ಅಲ್ಲಿನ ಸಣ್ಣ ಸೀರೆ ಅಂಗಡಿಗಳು ತಮ್ಮ ಸೈಟಿನಲ್ಲಿ ಕೊಟ್ಟಿದ್ದ ಲಿಂಕುಗಳೆಲ್ಲ ಹಳೇ ಪುಟಗಳಿಗೆ. ಒತ್ತಿದರೆ 404. ಅವರು ಲಿಂಕ್ ತೆಗೆದಿರಲಿಲ್ಲ. ಬಾಗಿಲು ಹಾಕಿದ್ದು ನಾನು.

ವಡೋದರಾದಲ್ಲಿ ಕೂತ ಕನ್ನಡಿಗನಿಗೆ ಇದು ಮೊದಲೇ ಹೊಳೀಬೇಕಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕ್, 2019ರ ಏಪ್ರಿಲ್ 1ರಂದು ಇದೇ ಊರಿನ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆದರೆ ಹಳೇ ಐಎಫ್‌ಎಸ್‌ಸಿ ಕೋಡ್ ಮರುದಿನವೇ ಸಾಯಲಿಲ್ಲ. 2021ರ ಫೆಬ್ರವರಿ ಕೊನೆವರೆಗೂ ನಡೀತು. ಹಳೇ ಕೋಡಿಗೆ ಹಾಕಿದ ದುಡ್ಡು ಸರಿಯಾದ ಖಾತೆಗೇ ಸೇರ್ತಿತ್ತು. ವೆಬ್‌ನಲ್ಲಿ ಈ ಕೆಲಸ ಮಾಡೋದೇ 301 ರಿಡೈರೆಕ್ಟ್. ಅದನ್ನೇ ನಾನು ಹಾಕಿರಲಿಲ್ಲ.

ಈಗ ಸರಿಪಡಿಸೋದು ಹೇಗೆ, ನೋಡೋಣ.

ಮೊದಲು ಪಟ್ಟಿ ಮಾಡಿ. ಗೂಗಲ್ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವರದಿ ಕಳೆದುಹೋದ ಲಿಂಕುಗಳನ್ನು ಬೇರೆ ಮಾಡಿ ತೋರಿಸಲ್ಲ. ಅದಕ್ಕೇ ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ, ಹಿಂದಿನ ತಿಂಗಳಿನದರ ಜೊತೆ ಹೋಲಿಸಿ. ಏಹ್ರೆಫ್ಸ್‌ನಂಥ ಟೂಲ್‌ಗಳು ನೇರವಾಗಿ ತೋರಿಸುತ್ತವೆ. ಸರ್ವರ್ ಲಾಗ್‌ನಲ್ಲಿ 404 ಆದ ಸಾಲುಗಳನ್ನು, ಅದರಲ್ಲಿರೋ ರೆಫರರ್ ಸಮೇತ ನೋಡಿ. ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ಪೂರ್ತಿ ವಿಳಾಸ ಕಳಿಸಲ್ಲ, ಸೈಟಿನ ಹೆಸರಷ್ಟೇ ಸಿಗುತ್ತೆ. ಅಷ್ಟು ಸಾಕು.

ಎರಡನೆಯದು, ಪುಟಕ್ಕೆ ಪುಟ ಹೊಂದಿಸಿ ರಿಡೈರೆಕ್ಟ್ ಹಾಕಿ. ಸೋಮಾರಿತನಕ್ಕೆ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404 ಅಂತ ತೆಗೆದುಕೊಳ್ಳಬಹುದು. ಹಳೇ ಪುಟದಲ್ಲಿ ಏನಿತ್ತು ಅನ್ನೋದು ಮರೆತಿದ್ದರೆ ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿ. ರಿಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ಲೇ ಹೇಳುತ್ತೆ. ನಾನಂತೂ ತೆಗೆಯಲೇಬೇಡಿ ಅಂತೀನಿ. ಹಳೇ ಡೊಮೈನ್ ನವೀಕರಿಸೋದನ್ನೂ ಮರೀಬೇಡಿ. ಬೇರೆಯವರು ಕೊಂಡರೆ ಆ ಲಿಂಕುಗಳೆಲ್ಲ ಅವರ ಪಾಲು.

ಇಷ್ಟಾದ ಮೇಲೆ ಮಾತ್ರ ಬೇರೆಯವರ ಬಾಗಿಲು ತಟ್ಟಿ. ಅವರೇ ಲಿಂಕ್ ತೆಗೆದಿದ್ದರೆ, ತಪ್ಪಾಗಿ ಬರೆದಿದ್ದರೆ, ಚಿಕ್ಕದೊಂದು ಮೇಲ್ ಹಾಕಿ: ಯಾವ ಪುಟ, ಯಾವ ಸಾಲು, ಹೊಸ ವಿಳಾಸ ಏನು. ಪದೇ ಪದೇ ಕಾಡಬೇಡಿ. ರ್‍ಯಾಂಕಿಂಗ್‌ಗಾಗಿ ದುಡ್ಡು ಕೊಟ್ಟು ಲಿಂಕ್ ಕೊಳ್ಳೋದು ಗೂಗಲ್ ಲೆಕ್ಕದಲ್ಲಿ ಸ್ಪ್ಯಾಮ್. ಆ ದಾರಿ ಬೇಡ.

ಕಾಕಾ ಸೈಟಿಗೆ ನಾನು ಇದೇ ಕ್ರಮದಲ್ಲಿ ಮಾಡಿದೆ. ಹೆಚ್ಚಿನ ಲಿಂಕುಗಳು ಮತ್ತೆ ಕೆಲಸ ಮಾಡಿದವು, ಫೋನುಗಳೂ ಶುರುವಾದವು. ಆದರೆ ದಾವಣಗೆರೆಯ ಒಂದು ಅಂಗಡಿಯವರು ಅಷ್ಟರಲ್ಲಿ ಬೇರೆ ವ್ಯಾಪಾರಿಯನ್ನು ಹಿಡಿದಿದ್ದರು. ಲಿಂಕ್ ವಾಪಸ್ ಬಂತು, ಗಿರಾಕಿ ಬರಲಿಲ್ಲ. ಕಾಕಾ ನನ್ನನ್ನು ಬೈಯಲಿಲ್ಲ, ಚಾ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸ್ತು.

ಹಾಗಾಗಿ ಸೈಟ್ ಸಾಗಿಸೋ ಮುಂಚೆಯೇ ಹಳೇ ವಿಳಾಸಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಒಂದು ಸಂಜೆ ಸಾಕು.